ಹಳೆಯ ಗಾಡಿಗೆ ಹೊಸ ಕಾರ್ಬೊರೇಟರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಸೀಮೆಗಳಲ್ಲಿ ಯಾವ ಊರಿಗೆ ಹೋದರೂ, ಒಂದೆರಡು ಮನೆಗಳ ಪಡಸಾಲೆಯ ಮೂಲೆಯಲ್ಲಾಗಲಿ ದನದ ಕೊಟ್ಟಿಗೆಯ ಪಕ್ಕದಲ್ಲಾಗಲಿ ಒಂದು ಹಳೆಯ ಮೋಟರ್ ಸೈಕಲ್ ನಿಂತಿರುವದು ಕಣ್ಣಿಗೆ ಬೀಳುತ್ತದೆ. ಮನೆಯವರು ಅದನ್ನು ಅದರ ಹೆಸರಿನಿಂದ ಕರೆಯುವದಿಲ್ಲ. "ಅಪ್ಪನ ಗಾಡಿ" ಎನ್ನುತ್ತಾರೆ. ಹಲವು ವರ್ಷ ಧೂಳು ತಿಂದ ಈ ಗಾಡಿಗಳಿಗೆ ಈಚೆಗೆ ಮರುಹುಟ್ಟು ಬಂದಿದೆ. ಬೆಂಗಳೂರು ಪುಣೆಗಳಿಂದ ಹಬ್ಬಕ್ಕೆಂದು ಊರಿಗೆ ಬಂದ ಮಗನು ಅದನ್ನು ಹೊರಗೆಳೆದು ತೊಳೆದು ಒರೆಸಿ, ಬಣ್ಣ ಬಳಿಸಿ ಓಡಿಸಬೇಕೆನ್ನುತ್ತಾನೆ. ಅವನು ಮೊದಲು ಬದಲಿಸುವದು ಸೈಲೆನ್ಸರು, ಎರಡನೆಯದು ಕಾರ್ಬೊರೇಟರು. ಸೈಲೆನ್ಸರಿನ ಗದ್ದಲವನ್ನು ಓಣಿಯೆಲ್ಲ ಕೇಳುತ್ತದೆ. ಕಾರ್ಬೊರೇಟರಿನ ತಪ್ಪು ಮಾತ್ರ ಯಾರಿಗೂ ಕೇಳಿಸದೆ ಒಳಗೊಳಗೇ ಕೆಲಸ ಮಾಡುತ್ತದೆ. ಆದುದರಿಂದ ಈ ತಿಂಗಳು ಆ ಎರಡನೆಯದರ ವಿಷಯವಾಗಿಯೇ ನಾಲ್ಕು ಮಾತು ಬರೆಯುತ್ತೇವೆ.

ಇದನ್ನು ಬರೆಯಲು ನಮಗೆ ಇನ್ನೊಂದು ಕಾರಣವೂ ಉಂಟು. ನಮ್ಮ ಬಂಧುಗಳೊಬ್ಬರು ಸಿಂದಗಿ ತಾಲೂಕಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಅಷ್ಟು ವರ್ಷವೂ ಅವರನ್ನು ಶಾಲೆಗೆ ಹೊತ್ತೊಯ್ದುದು ಒಂದು ಯೆಜ್ಡಿ ಗಾಡಿ. ಎರಡು ವರ್ಷಗಳ ಹಿಂದೆ ಅವರ ಮಗನು ಅದನ್ನು ಹೊಸದಾಗಿ ಕಟ್ಟಿಸಲು ಹೊರಟನು. ಬೋರು ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ್ದಾಯಿತು. ಸೈಲೆನ್ಸರುಗಳ ಒಳಭಾಗವನ್ನು ಸ್ವಲ್ಪ ಸಡಿಲಿಸಿದ್ದಾಯಿತು. ಆಗ ಅವನು ನಮ್ಮನ್ನು ಕೇಳಿದನು: "ಕಾಕಾ, ಅಂಗಡಿಯಾಂವ ಮೂವತ್ತು ಎಂ.ಎಂ. ಕಾರ್ಬೊರೇಟರ್ ತಗೋರಿ ಅಂತಾನ. ದೊಡ್ಡದಾದಷ್ಟೂ ಛಲೋ ಅಲ್ರೀ?" ನಾವು ಒಂದಿಷ್ಟೂ ವಿಚಾರಿಸದೆ ಹೇಳಿಬಿಟ್ಟೆವು: "ಹೌದಪಾ, ದೊಡ್ಡದಿದ್ದರ ಉಸುರೂ ದೊಡ್ಡದು. ಹಳೇದರಾಗ ಯಾವ ನಂಬರಿನ ಜೆಟ್ ಐತಿ, ಅದೇ ನಂಬರು ಇದಕ್ಕೂ ಹಾಕಿಸು." ಈ ಮಾತಿನಲ್ಲಿ ಎರಡು ತಪ್ಪುಗಳಿದ್ದವು. ಎರಡೂ ನಮ್ಮವೇ.

ಹತ್ತು ದಿನ ಗಾಡಿ ಓಡಿತು. ಊರೊಳಗೆ ಮೆಲ್ಲಗೆ ಹೋಗುವಾಗ ಕೆಮ್ಮುತ್ತಿತ್ತು. ಹೊರಗಿನ ರಸ್ತೆಯಲ್ಲಿ ಮಾತ್ರ ಹಗುರಾಗಿ, ಹಕ್ಕಿಯಂತೆ ಹೋಗುತ್ತಿತ್ತು. ಹುಡುಗನಿಗೆ ಪರಮಾನಂದ. ಹನ್ನೊಂದನೆಯ ದಿನ ತಾಯಿಯನ್ನು ಹಿಂದೆ ಕುಳ್ಳಿರಿಸಿಕೊಂಡು ಬಸವನ ಬಾಗೇವಾಡಿಗೆ ದೇವರ ದರ್ಶನಕ್ಕೆಂದು ಹೊರಟನು. ದಾರಿಯಲ್ಲಿ ಒಂದು ನೀಳವಾದ ಏರಿನ ತುದಿಯಲ್ಲಿ ಎಂಜಿನ್ನಿನ ದನಿ ಒಮ್ಮೆಲೆ ಸಣ್ಣದಾಯಿತು, ಎಳೆತ ಕುಗ್ಗಿತು. "ದನಿ ಬದಲಾಯಿತಂದರ ಮೊದಲು ಕ್ಲಚ್ ಹಿಡಿ, ಆಮ್ಯಾಲೆ ವಿಚಾರ ಮಾಡು" ಎಂದು ತಂದೆ ಚಿಕ್ಕಂದಿನಲ್ಲಿ ಕಲಿಸಿದ್ದರು. ಕೈ ತಾನಾಗಿಯೇ ಕ್ಲಚ್ ಹಿಡಿಯಿತು. ಮರುಕ್ಷಣವೇ ಎಂಜಿನ್ನು ಕಲ್ಲಿನಂತೆ ನಿಂತಿತು. ಗಾಡಿ ಮಾತ್ರ ಉರುಳುತ್ತ ರಸ್ತೆಯ ಬದಿಗೆ ಬಂದಿತು. ಒಂದು ಕ್ಷಣ ತಡವಾಗಿದ್ದರೆ ಹಿಂದಿನ ಗಾಲಿ ಬಿಗಿದು ನಿಂತು ಇಬ್ಬರೂ ರಸ್ತೆಗೆ ಬೀಳುತ್ತಿದ್ದರು. ಹಿಂದೆ ಕಬ್ಬಿನ ಟ್ರ್ಯಾಕ್ಟರು ಬರುತ್ತಿತ್ತು. ತಾಯಿಯವರಿಗೆ ಇದಾವುದೂ ತಿಳಿಯಲಿಲ್ಲ. "ಪೆಟ್ರೋಲ್ ತೀರಿತೇನಪಾ?" ಎಂದು ಕೇಳಿದರಂತೆ. ಆ ಪ್ರಶ್ನೆಯನ್ನು ಕೇಳಿದಂದಿನಿಂದ ನಮ್ಮ ಮನಸ್ಸಿಗೆ ಸಮಾಧಾನವಿಲ್ಲ.

ಈ ಗಾಡಿಯ ಕುಲವನ್ನು ಮೊದಲು ತಿಳಿದುಕೊಳ್ಳುವದು ಒಳ್ಳೆಯದು. ಜಾವಾ ಎಂಬುದು ಝೆಕ್ ದೇಶದ ಹೆಸರು. ೧೯೨೯ರಲ್ಲಿ ಪ್ರಾಗ್ ಪಟ್ಟಣದ ಯಾನೆಚೆಕ್ ಎಂಬವರು ಜರ್ಮನಿಯ ವಾಂಡರರ್ ಕಂಪನಿಯ ಮೋಟರ್ ಸೈಕಲ್ ಉದ್ಯಮವನ್ನು ಕೊಂಡಾಗ ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಆ ಹೆಸರನ್ನಿಟ್ಟರು. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯು ೧೯೬೧ರಿಂದ ಆ ಗಾಡಿಗಳನ್ನು ಮಾಡತೊಡಗಿತು. ಮುಂದೆ ೧೯೭೦ರ ದಶಕದಲ್ಲಿ ಅದಕ್ಕೇ ಯೆಜ್ಡಿ ಎಂಬ ಹೆಸರು ಬಂದಿತು. ೧೯೯೬ರಲ್ಲಿ ಕಾರಖಾನೆ ಮುಚ್ಚಿತು. ಜಾವಾ ಹೆಸರಿನಲ್ಲಿ ೨೦೧೮ರಿಂದಲೂ ಯೆಜ್ಡಿ ಹೆಸರಿನಲ್ಲಿ ೨೦೨೨ರಿಂದಲೂ ಮತ್ತೆ ಗಾಡಿಗಳು ಬರುತ್ತಿರುವದು ನಿಜ. ಆದರೆ ಅವು ಬೇರೆ ಜಾತಿಯವು, ಅವುಗಳಲ್ಲಿ ಕಾರ್ಬೊರೇಟರೇ ಇಲ್ಲ. ಹೀಗೆ ನಮ್ಮ ಮನೆಗಳಲ್ಲಿರುವ ಹಳೆಯ ಗಾಡಿಗಳಲ್ಲಿ ಅತಿ ಚಿಕ್ಕದಕ್ಕೂ ಮೂವತ್ತರ ಹತ್ತಿರ ವಯಸ್ಸಾಗಿದೆ. ಅವುಗಳ ಮೂಲ ಕಾರ್ಬೊರೇಟರು ಝೆಕ್ ದೇಶದ ಜಿಕೋವ್ ಮಾದರಿಯದು. ಅದರೊಳಗಿನ ಸ್ಲೈಡು ಲಕ್ಷಾಂತರ ಸಲ ಮೇಲೆ ಕೆಳಗೆ ಆಡಿ ಸವೆದಿರುತ್ತದೆ. ಸವೆದ ಸಂದಿಯಿಂದ ಕಳ್ಳ ಹವೆ ಒಳನುಗ್ಗುತ್ತದೆ. ಆದುದರಿಂದ ಬದಲಿಸಬೇಕೆಂಬ ವಿಚಾರವೇನೂ ತಪ್ಪಲ್ಲ. ಯಾವುದಕ್ಕೆ ಬದಲಿಸಬೇಕು, ಬದಲಿಸಿದ ಮೇಲೆ ಹೇಗೆ ಹೊಂದಿಸಬೇಕು ಎಂಬುದೇ ಪ್ರಶ್ನೆ.

ಕಾರ್ಬೊರೇಟರಿನ ಕೆಲಸವು ನಮ್ಮ ಅಡಿಗೆಮನೆಯ ಒಲೆಯ ಕೆಲಸದಂಥದೇ. ಕಟ್ಟಿಗೆ ಹೆಚ್ಚಾಗಿ ಗಾಳಿ ಸಾಲದಿದ್ದರೆ ಹೊಗೆ. ಗಾಳಿ ಹೆಚ್ಚಾಗಿ ಕಟ್ಟಿಗೆ ಸಾಲದಿದ್ದರೆ ಉರಿ ನಾಲಗೆ ಚಾಚಿ ಪಾತ್ರೆ ಸುಡುತ್ತದೆ. ಎಂಜಿನ್ನು ಹವೆಯನ್ನು ಹೀರುವಾಗ ಆ ಹವೆ ಕಾರ್ಬೊರೇಟರಿನ ಕಿರಿದಾದ ಗಂಟಲಿನ ಮೂಲಕ ವೇಗವಾಗಿ ಹಾಯುತ್ತದೆ. ಆ ವೇಗದಿಂದ ಅಲ್ಲಿ ಒತ್ತಡ ಕಡಿಮೆಯಾಗಿ, ಕೆಳಗಿನ ಬಟ್ಟಲಿನಿಂದ ಪೆಟ್ರೋಲು ಜೆಟ್ಟೆಂಬ ಸಣ್ಣ ರಂಧ್ರದ ಮೂಲಕ ಮೇಲಕ್ಕೇರುತ್ತದೆ. ಪೆಟ್ರೋಲು ಹೆಚ್ಚಾದ ಮಿಶ್ರಣಕ್ಕೆ ದಟ್ಟ ಎಂದೂ ಕಡಿಮೆಯಾದುದಕ್ಕೆ ತೆಳು ಎಂದೂ ಕರೆಯೋಣ. ದಟ್ಟ ಮಿಶ್ರಣವು ಬಾಯಿಬಡಿಕ ನೆಂಟನಂತೆ: ಹೊಗೆ ಬಿಡುತ್ತದೆ, ಪ್ಲಗ್ ಕಪ್ಪಾಗಿಸುತ್ತದೆ, ಪೆಟ್ರೋಲು ಕುಡಿಯುತ್ತದೆ, ಆದರೆ ಕೊಲ್ಲುವದಿಲ್ಲ. ತೆಳು ಮಿಶ್ರಣವು ನಯವಾಗಿ ಮಾತಾಡುವ ವೈರಿ: ಗಾಡಿ ಹಗುರಾಗಿ ಓಡಿದಂತೆ ತೋರುತ್ತದೆ, ಒಳಗೆ ಪಿಸ್ಟನ್ ಕಾಯುತ್ತಿರುತ್ತದೆ. ಯೆಜ್ಡಿಯಂಥ ಟೂ-ಸ್ಟ್ರೋಕ್ ಗಾಡಿಗಳಲ್ಲಿ ಇನ್ನೊಂದು ಸಂಕಟವಿದೆ. ಅಲ್ಲಿ ಪಿಸ್ಟನ್ನಿಗೆ ಬೇಕಾದ ಎಣ್ಣೆಯೂ ಪೆಟ್ರೋಲಿನಲ್ಲಿಯೇ ಬೆರೆತು ಬರುತ್ತದೆ. ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಉರಿ ಹೆಚ್ಚಾಗುವದೂ ಎಣ್ಣೆ ತಪ್ಪುವದೂ ಒಂದೇ ಗಳಿಗೆಯಲ್ಲಿ.

ಇನ್ನು ಗಾತ್ರದ ಮಾತು. ಎಂಜಿನ್ನಿನ ಗಾತ್ರವನ್ನು ಲೀಟರಿನಲ್ಲಿ ಬರೆದು, ಅದು ತನ್ನ ಪೂರ್ಣ ಶಕ್ತಿ ಕೊಡುವಾಗ ನಿಮಿಷಕ್ಕೆ ಸುತ್ತುವ ಸುತ್ತುಗಳಿಂದ ಗುಣಿಸಿ, ವರ್ಗಮೂಲ ತೆಗೆಯಬೇಕು. ಅದನ್ನು ೦.೬೫ರಿಂದ ೦.೯ರ ವರೆಗಿನ ಒಂದು ಅಂಕಿಯಿಂದ ಗುಣಿಸಿದರೆ ಗಂಟಲಿನ ವ್ಯಾಸವು ಮಿಲಿಮೀಟರಿನಲ್ಲಿ ಸಿಗುತ್ತದೆ. ಇದು ಟ್ಯೂನಿಂಗ್ ಬಲ್ಲವರ ಹಳೆಯ ಸೂತ್ರ. ಯೆಜ್ಡಿಯ ಬೋರು ೬೫, ಸ್ಟ್ರೋಕು ೭೫ ಮಿಲಿಮೀಟರು. ಗಾತ್ರ ಕಾಲು ಲೀಟರು. ಸುತ್ತುಗಳು ಸುಮಾರು ೪,೭೫೦. ಗುಣಿಸಿದರೆ ೧,೧೮೭, ಅದರ ವರ್ಗಮೂಲ ೩೪ವರೆ. ಆದುದರಿಂದ ವ್ಯಾಸವು ೨೨ರಿಂದ ೩೧ರ ನಡುವೆ ಇರಬೇಕಾಗುತ್ತದೆ. ಕೆಳಗಿನ ತುದಿ ದಿನಬಳಕೆಯ ಗಾಡಿಗೆ, ಮೇಲಿನ ತುದಿ ಪಂದ್ಯದ ಗಾಡಿಗೆ. ಶಾಲೆ, ಸಂತೆ, ಜಾತ್ರೆಗಳಿಗೆ ಹೋಗುವ ಗಾಡಿಗೆ ೨೪ ಸಾಕು. ಬೋರು ಮಾಡಿಸಿ ಸೈಲೆನ್ಸರನ್ನು ಸ್ವಲ್ಪ ಸಡಿಲಿಸಿದ್ದರೆ ೨೬. ಎಂಜಿನ್ನಿನ ದ್ವಾರಗಳನ್ನು ಬಲ್ಲವರ ಕೈಯಿಂದ ತಿದ್ದಿಸಿದ್ದರೆ ಮಾತ್ರ ೨೮. ಮೂವತ್ತು ಎಂಬುದು ಕಟ್ಟಕಡೆಯ ಮೆಟ್ಟಿಲು.

ಹೆಚ್ಚು ಗಾತ್ರದಿಂದ ಕೇಡೇನು ಎಂದು ಕೇಳಬಹುದು. ಲೆಕ್ಕ ಸುಲಭ. ೨೪ರ ಗಂಟಲಿಗಿಂತ ೩೦ರ ಗಂಟಲಿನ ಬಾಯಿ ಒಂದೂವರೆ ಪಟ್ಟಿಗಿಂತ ಅಗಲ. ಎಂಜಿನ್ನು ಹೀರುವ ಹವೆ ಮಾತ್ರ ಅಷ್ಟೇ. ಆದುದರಿಂದ ಹವೆಯ ವೇಗವು ಮೂರರಲ್ಲಿ ಎರಡು ಪಾಲಿಗಿಂತಲೂ ಕೆಳಗಿಳಿಯುತ್ತದೆ; ಪೆಟ್ರೋಲನ್ನು ಎತ್ತುವ ಎಳೆತವು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಮೆಲ್ಲನೆಯ ಓಟದಲ್ಲಿ ಪೆಟ್ರೋಲು ಹನಿಹನಿಯಾಗಿ ಬಂದು ಎಂಜಿನ್ನು ಕೆಮ್ಮುತ್ತದೆ. ಪೂರ್ಣ ತೆರೆದಾಗ, ಅದೇ ರಂಧ್ರದ ಜೆಟ್ಟಿನಿಂದ ಮೊದಲು ಬರುತ್ತಿದ್ದ ಪೆಟ್ರೋಲಿನ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ ಬರುತ್ತದೆ. "ಹಳೆಯ ನಂಬರೇ ಹಾಕಿಸು" ಎಂದು ನಾವು ಕೊಟ್ಟ ಉಪದೇಶದ ಫಲ ಇದೇ. ಗಂಟಲು ಬದಲಾದರೆ ಜೆಟ್ಟಿನ ಲೆಕ್ಕವೆಲ್ಲ ಹೊಸದಾಗಿ ಆಗಬೇಕು. ಇದಲ್ಲದೆ ಒಂದು ಕಂಪನಿಯ ಅಂಕಿ ಇನ್ನೊಂದು ಕಂಪನಿಯ ಅಂಕಿಗೆ ಸರಿಹೋಗುವದಿಲ್ಲ: ಕೆಲವರು ರಂಧ್ರದ ವ್ಯಾಸವನ್ನು ಬರೆಯುತ್ತಾರೆ, ಕೆಲವರು ಅದರಿಂದ ಹರಿಯುವ ಪೆಟ್ರೋಲಿನ ಪ್ರಮಾಣವನ್ನು. ಅಕ್ಕಿಯ ಸೇರಿನಿಂದ ಎಣ್ಣೆ ಅಳೆದಂತಾಗಬಾರದು.

ಕೊಳ್ಳುವಾಗ ನೋಡಬೇಕಾದ ಸಂಗತಿಗಳು ಕೆಲವಿವೆ. ಜಪಾನಿನ ಮಿಕುನಿ ಕಂಪನಿಯ ವಿ.ಎಂ. ಎಂಬ ದುಂಡು ಸ್ಲೈಡಿನ ಮಾದರಿಯೂ ಅದೇ ಬಗೆಯ ಮಿಕ್‌ಕಾರ್ಬ್ ಎಂಬುದೂ ನಮ್ಮ ಮಿಸ್ತ್ರಿಗಳಿಗೆ ಕೈಬಳಕೆಯವು, ಬಿಡಿಭಾಗಗಳು ಸಿಗುತ್ತವೆ. ಆದರೆ ಹೆಸರಿನ ಒಂದಕ್ಷರ ಬದಲಿಸಿದ ನಕಲುಗಳೂ ಪೇಟೆಯಲ್ಲಿ ಬಹಳ. ಅವುಗಳ ಜೆಟ್ಟಿನ ಮೇಲಿನ ಅಂಕಿಯನ್ನು ನಂಬುವಂತಿಲ್ಲ. ಅಂಕಿ ಸುಳ್ಳಾದ ಮೇಲೆ ಹೊಂದಾಣಿಕೆ ಕುರುಡಾಟ. ಬೇರೆ ಗಾಡಿಯಿಂದ ಬಿಚ್ಚಿದ ಕಾರ್ಬೊರೇಟರು ಅಗ್ಗವೆಂದು ತಂದರೆ ಅದರೊಳಗಿನ ಸೂಜಿಯೂ ಸ್ಲೈಡೂ ಆ ಗಾಡಿಯ ಹಸಿವಿಗೆ ತಕ್ಕವು, ನಿಮ್ಮ ಗಾಡಿಯದಕ್ಕಲ್ಲ. ಎಂಜಿನ್ನಿಗೆ ಕೂಡಿಸುವ ಫ್ಲ್ಯಾಂಜು ಸಮತಟ್ಟಾಗಿರಬೇಕು. ನಡುವಿನ ರಬ್ಬರು ಸೀಳಿರಬಾರದು. ಎಕ್ಸಿಲರೇಟರಿನ ತಂತಿಯನ್ನು ಪೂರ್ಣ ಎಳೆದಾಗ ಸ್ಲೈಡು ಪೂರ್ಣ ಏರಬೇಕು, ಬಿಟ್ಟಾಗ ತಟ್ಟನೆ ಇಳಿಯಬೇಕು. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ಣ ತಿರುಗಿಸಿದಾಗ ಎಂಜಿನ್ನಿನ ವೇಗ ತಾನಾಗಿ ಏರಬಾರದು.

ಕಾರ್ಬೊರೇಟರಿಗೆ ಕೈಹಚ್ಚುವ ಮೊದಲು ಎಂಜಿನ್ನಿನ ಆರೋಗ್ಯವನ್ನು ನೋಡಬೇಕು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಪೆಟ್ಟಿಗೆಯೇ ತಿದಿಯಂತೆ ಕೆಲಸ ಮಾಡುತ್ತದೆ. ಅದರ ಎರಡು ಬದಿಯ ಆಯಿಲ್ ಸೀಲುಗಳು ಒಣಗಿ ಒಡೆದಿದ್ದರೆ ತೂತು ಬಿದ್ದ ತಿದಿಯಿಂದ ಕುಲುಮೆ ಊದಿದಂತೆ. ಡೈನಮೋ ಬದಿಯ ಸೀಲು ಹೋಗಿದ್ದರೆ ಅಲ್ಲಿಂದ ಹವೆ ಹೊಕ್ಕು ಮಿಶ್ರಣವು ತೆಳುವಾಗುತ್ತದೆ. ಕ್ಲಚ್ ಬದಿಯದು ಹೋಗಿದ್ದರೆ ಎಣ್ಣೆ ಹೊಕ್ಕು ಬಿಳಿಹೊಗೆ ಏಳುತ್ತದೆ. ಇವು ಕೆಟ್ಟಿರುವಾಗ ಜೆಟ್ಟು ಬದಲಿಸುವದು ಹುಣ್ಣಿನ ಮೇಲೆ ಅಂಗಿ ತೊಡಿಸಿದಂತೆ. ಎಕ್ಸಿಲರೇಟರು ಬಿಟ್ಟರೂ ಎಂಜಿನ್ನಿನ ವೇಗ ಇಳಿಯಲು ಹಿಂದೆಗೆದರೆ ಎಲ್ಲಿಯೋ ಹವೆ ಸೋರುತ್ತಿದೆ ಎಂದು ತಿಳಿಯಬೇಕು. ಜೋಡಣೆಗಳ ಮೇಲೆ ಸ್ವಲ್ಪ ನೀರು ಚಿಮುಕಿಸಿದಾಗ ದನಿ ಬದಲಾದರೆ ಸೋರಿಕೆಯ ಜಾಗ ಸಿಕ್ಕಂತೆ. ಕೆಲವರು ಇದೇ ಪರೀಕ್ಷೆಯನ್ನು ಪೆಟ್ರೋಲು ಚಿಮುಕಿಸಿ ಮಾಡುತ್ತಾರೆ. ಬೆಂಕಿಯೊಡನೆ ಆ ಸರಸ ಬೇಡ. ಪಾಯಿಂಟು, ಟೈಮಿಂಗು, ಹೊಸ ಪ್ಲಗ್ಗು, ಸ್ವಚ್ಛ ಟ್ಯಾಂಕು ಇವೆಲ್ಲ ಸರಿಯಾದ ತರುವಾಯವೇ ಕಾರ್ಬೊರೇಟರಿನ ಸರದಿ.

ಈಗ ಹೊಂದಿಸುವ ಕ್ರಮ. ಮೊದಲು ಬಟ್ಟಲಿನ ಫ್ಲೋಟು ಪುಸ್ತಕದಲ್ಲಿ ಹೇಳಿದ ಮಟ್ಟದಲ್ಲಿರಲಿ. ಅದು ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಎಕ್ಸಿಲರೇಟರು ಎಷ್ಟು ತೆರೆದಾಗ ಯಾವ ಭಾಗ ಕೆಲಸ ಮಾಡುತ್ತದೆ ಎಂಬುದನ್ನು ಮನಸ್ಸಿನಲ್ಲಿಡಬೇಕು. ಮುಚ್ಚಿದ ಸ್ಥಿತಿಯಿಂದ ಎಂಟನೆಯ ಒಂದು ಪಾಲಿನವರೆಗೆ ಪೈಲಟ್ ಜೆಟ್ಟು ಮತ್ತು ಏರ್ ಸ್ಕ್ರೂ. ಅಲ್ಲಿಂದ ಕಾಲುಭಾಗದವರೆಗೆ ಸ್ಲೈಡಿನ ಅಂಚಿನ ಕೊರೆತ. ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿ. ಮುಕ್ಕಾಲಿನಿಂದ ಪೂರ್ಣದವರೆಗೆ ಮೇನ್ ಜೆಟ್ಟು. ಹಿಡಿಯ ಮೇಲೂ ಅದರ ಪಕ್ಕದಲ್ಲಿಯೂ ಸಣ್ಣ ಬಣ್ಣದ ಗುರುತು ಹಾಕಿಕೊಂಡರೆ ಯಾವ ಪಾಲಿನಲ್ಲಿ ತೊಂದರೆ ಎಂಬುದು ಕೂಡಲೆ ತಿಳಿಯುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬದಲಿಸಿದ್ದನ್ನು ದಿನಾಂಕದೊಡನೆ ವಹಿಯಲ್ಲಿ ಬರೆದಿಡಬೇಕು. ಎರಡನ್ನು ಕೂಡಿಯೇ ಬದಲಿಸಿದವನಿಗೆ ಯಾವುದರಿಂದ ಗುಣ ಬಂದಿತೆಂಬುದು ಎಂದಿಗೂ ತಿಳಿಯದು.

ಆರಂಭಕ್ಕೆ ಬೇಕಾದುದಕ್ಕಿಂತ ದೊಡ್ಡ ಮೇನ್ ಜೆಟ್ಟನ್ನೇ ಹಾಕಬೇಕು. ಇದು ರಕ್ಷಣೆಯ ಮಾತು: ಮೇಲಿನಿಂದ ಕೆಳಗಿಳಿಯಬೇಕೇ ಹೊರತು ಕೆಳಗಿನಿಂದ ಮೇಲೇರಬಾರದು. ಆಮೇಲೆ ಎಂಜಿನ್ನನ್ನು ಚೆನ್ನಾಗಿ ಕಾಯಿಸಿ ಏರ್ ಸ್ಕ್ರೂವನ್ನು ಮೆಲ್ಲಗೆ ಪೂರ್ಣ ಒಳಗೆ ತಿರುಗಿಸಿ, ಒಂದೂವರೆ ಸುತ್ತು ಹೊರಗೆ ತೆಗೆಯಬೇಕು. ಅಲ್ಲಿಂದ ಕಾಲು ಕಾಲು ಸುತ್ತು ಆಡಿಸಿದಾಗ ಎಲ್ಲಿ ಎಂಜಿನ್ನು ಹೆಚ್ಚು ವೇಗವಾಗಿ, ಸಮನಾಗಿ ಓಡುವದೋ ಅದೇ ಅದರ ಜಾಗ. ಈ ಮಾದರಿಯಲ್ಲಿ ಸ್ಕ್ರೂ ಒಳಗೆ ಹೋದಂತೆ ದಟ್ಟ, ಹೊರಗೆ ಬಂದಂತೆ ತೆಳು. ಒಂದು ಸುತ್ತಿಗಿಂತ ಒಳಗಿರುವಾಗಲೇ ಚೆನ್ನಾಗಿ ಓಡಿದರೆ ಪೈಲಟ್ ಜೆಟ್ಟು ಚಿಕ್ಕದಾಯಿತು, ದೊಡ್ಡದು ಹಾಕಬೇಕು. ಎರಡೂವರೆ ಸುತ್ತಿನಾಚೆ ಹೋದರೆ ಅದು ದೊಡ್ಡದಾಯಿತು. ಸೂಜಿಯ ತಲೆಯಲ್ಲಿ ಕ್ಲಿಪ್ಪು ಕೂರುವ ಐದು ಗೀರುಗಳಿರುತ್ತವೆ. ಕ್ಲಿಪ್ಪನ್ನು ಕೆಳಗಿನ ಗೀರಿಗೆ ಹಾಕಿದರೆ ಸೂಜಿ ಏರಿ ಮಿಶ್ರಣ ದಟ್ಟವಾಗುವದು, ಮೇಲಿನ ಗೀರಿಗೆ ಹಾಕಿದರೆ ತೆಳುವಾಗುವದು. ನಡುವಿನ ಗೀರಿನಿಂದ ಆರಂಭಿಸುವದು ವಾಡಿಕೆ.

ಮೇನ್ ಜೆಟ್ಟಿನ ಪರೀಕ್ಷೆಗೆ ಮುಂಜಾನೆಯ ಹೊತ್ತು, ಜನ ದನಗಳಿಲ್ಲದ ನೇರವಾದ ಒಳರಸ್ತೆ, ತಲೆಗೆ ಹೆಲ್ಮೆಟ್ಟು, ಎಡಗೈಯ ಎರಡು ಬೆರಳು ಕ್ಲಚ್ಚಿನ ಮೇಲೆ: ಇಷ್ಟು ಬೇಕು. ಕಬ್ಬಿನ ಗಾಡಿಗಳು ಓಡುವ ಹೆದ್ದಾರಿ ಇದಕ್ಕೆ ತಕ್ಕ ಸ್ಥಳವಲ್ಲ. ದೊಡ್ಡ ಜೆಟ್ಟು ಇದ್ದಾಗ ಪೂರ್ಣ ತೆರೆದರೆ ಎಂಜಿನ್ನು ಮುಗ್ಗರಿಸಿ ಗುಡುಗುಟ್ಟುತ್ತದೆ. ಉದಾಹರಣೆಗೆ ೧೩೦ರಿಂದ ಆರಂಭಿಸಿದ್ದರೆ ೧೨೫, ೧೨೦ ಹೀಗೆ ಒಂದೊಂದು ಮೆಟ್ಟಿಲು ಇಳಿಯುತ್ತ, ಮುಗ್ಗರಿಕೆ ನಿಂತು ಓಟ ಸ್ವಚ್ಛವಾದಲ್ಲಿ ನಿಲ್ಲಬೇಕು. ಇನ್ನೂ ಒಂದು ಮೆಟ್ಟಿಲು ಇಳಿದರೆ ಗಾಡಿ ಮತ್ತಷ್ಟು ಹಗುರಾದೀತು ಎಂಬ ಆಸೆ ಹುಟ್ಟುವದು ಅಲ್ಲಿಯೇ. ಆ ಆಸೆಯನ್ನು ಅಲ್ಲಿಯೇ ಬಿಡಬೇಕು. ಬಳಿಕ ಹೊಸ ಪ್ಲಗ್ ಹಾಕಿ, ಸ್ವಲ್ಪ ದೂರ ಪೂರ್ಣ ತೆರೆದು ಓಡಿಸಿ, ಒಂದೇ ಸಲಕ್ಕೆ ಕ್ಲಚ್ ಹಿಡಿದು ಎಂಜಿನ್ ಆರಿಸಿ ಗಾಡಿ ನಿಲ್ಲಿಸಬೇಕು. ಪ್ಲಗ್ಗು ಬಿಚ್ಚಿ ನೋಡಿದಾಗ ಒಳಗಿನ ಬಿಳಿಯ ಪಿಂಗಾಣಿಯು ಹುರಿದ ಗೋದಿಯ ಬಣ್ಣಕ್ಕೆ ಬಂದಿದ್ದರೆ ಸರಿ. ಮಸಿಯಂತೆ ಕಪ್ಪಾಗಿದ್ದರೆ ದಟ್ಟ. ಸುಣ್ಣದಂತೆ ಬಿಳುಪಾಗಿ ಮೇಲೆ ಸಣ್ಣ ಹರಳುಗಳು ಕಂಡರೆ ತೆಳು, ಅಂದೇ ದೊಡ್ಡ ಜೆಟ್ಟು ಹಾಕಬೇಕು. ಇಂದಿನ ಪೆಟ್ರೋಲಿನಲ್ಲಿ ಈ ಬಣ್ಣ ಹಿಂದಿಗಿಂತ ತಿಳಿಯಾಗಿಯೇ ಬರುತ್ತದೆ. ಪಿಂಗಾಣಿಯ ಬುಡದ ಉಂಗುರವನ್ನು ನೋಡಿ ನಿರ್ಣಯಿಸುವದು ಮೇಲು.

ನಮ್ಮ ಸೀಮೆಯ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಿಜಯಪುರದ ಸುತ್ತಲಿನ ನೆಲ ಸಮುದ್ರಮಟ್ಟದಿಂದ ಸುಮಾರು ೬೦೦ ಮೀಟರು ಎತ್ತರ. ಅಲ್ಲಿ ಹವೆಯ ಒತ್ತಡವು ಸಮುದ್ರತೀರದ್ದಕ್ಕಿಂತ ನೂರಕ್ಕೆ ಏಳು ಪಾಲು ಕಡಿಮೆ. ಇಲ್ಲಿ ಅಂಚಿನ ಮೇಲೆ ಹೊಂದಿಸಿದ ಗಾಡಿಯನ್ನು ಘಟ್ಟವಿಳಿಸಿ ಕಾರವಾರಕ್ಕೆ ಒಯ್ದರೆ ಅಲ್ಲಿಯ ಸಾಂದ್ರವಾದ ಹವೆಗೆ ಮಿಶ್ರಣ ತೆಳುವಾಗುತ್ತದೆ. ಋತುವಿನ ಮಾತೂ ಹೀಗೆಯೇ. ಮೇ ತಿಂಗಳ ಮಧ್ಯಾಹ್ನ ೪೦ ಡಿಗ್ರಿಯ ಬಿಸಿಲಿನ ಹವೆಗಿಂತ ಡಿಸೆಂಬರದ ಬೆಳಗಿನ ೧೫ ಡಿಗ್ರಿಯ ಹವೆಯು ನೂರಕ್ಕೆ ಎಂಟೊಂಬತ್ತು ಪಾಲು ಸಾಂದ್ರ. ಬೇಸಿಗೆಯಲ್ಲಿ ಸರಿಯಾಗಿದ್ದುದು ಚಳಿಗಾಲದಲ್ಲಿ ತೆಳುವಾಗಬಹುದು. ಆದುದರಿಂದ ಚಳಿಯ ಬೆಳಗಿನಲ್ಲಿ ಹೊಂದಿಸುವದು ಕ್ಷೇಮ. ಬೇಸಿಗೆಯಲ್ಲಿ ಅದು ತುಸು ದಟ್ಟವಾದರೂ ಕೇಡಿಲ್ಲ.

ಇದಕ್ಕಿಂತ ದೊಡ್ಡ ಬದಲಾವಣೆ ಪೆಟ್ರೋಲಿನದೇ. ಭೀಮೆ ಕೃಷ್ಣೆಯರ ದಂಡೆಯ ಕಬ್ಬು ಈಗ ಸಕ್ಕರೆಯಾಗುವದಲ್ಲದೆ ಇಥೆನಾಲ್ ಕೂಡ ಆಗುತ್ತದೆ. ನೂರಕ್ಕೆ ೨೦ ಪಾಲು ಇಥೆನಾಲ್ ಬೆರೆತ ಪೆಟ್ರೋಲು ೨೦೨೩ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ, ೨೦೨೫ರ ಹೊತ್ತಿಗೆ ದೇಶದಲ್ಲೆಲ್ಲ ರೂಢಿಗೆ ಬಂದಿತು. ರೈತನಿಗೆ ಅದು ಒಳಿತೇ ಆಗಲಿ. ಹಳೆಯ ಗಾಡಿಯ ಒಡೆಯನು ಮಾತ್ರ ಒಂದು ಲೆಕ್ಕ ತಿಳಿದಿರಬೇಕು. ಒಂದು ತೂಕ ಪೆಟ್ರೋಲು ಉರಿಯಲು ೧೪.೭ ತೂಕ ಹವೆ ಬೇಕು. ಇಥೆನಾಲಿಗೆ ೯ ಸಾಕು. ಈ ಮಿಶ್ರ ಪೆಟ್ರೋಲಿಗೆ ಸುಮಾರು ೧೩.೫. ಅಂದರೆ ಅಷ್ಟೇ ಹವೆಗೆ ನೂರಕ್ಕೆ ಸುಮಾರು ಒಂಬತ್ತು ಪಾಲು ಹೆಚ್ಚು ಪೆಟ್ರೋಲು ಹರಿಯಬೇಕು. ೧೯೮೦ರ ಸುಮಾರಿನ ಪುಸ್ತಕದಲ್ಲಿ ಅಚ್ಚಾದ ಜೆಟ್ಟಿನ ಅಂಕಿ ಇಂದಿನ ಪೆಟ್ರೋಲಿಗೆ ತೆಳುವೇ ಸರಿ. ಒಂದೆರಡು ಮೆಟ್ಟಿಲು ಮೇಲೇರಬೇಕಾಗುತ್ತದೆ. ಇಥೆನಾಲು ಹವೆಯಲ್ಲಿನ ನೀರನ್ನೂ ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವದಿದ್ದರೆ ಬಟ್ಟಲಿನ ಪೆಟ್ರೋಲನ್ನು ಸುರಿದುಬಿಡಬೇಕು. ಎಣ್ಣೆಯ ಪ್ರಮಾಣ ಲೀಟರಿಗೆ ಸುಮಾರು ೪೦ ಮಿಲಿಲೀಟರು ಎಂಬುದು ಬಹುಕಾಲದ ರೂಢಿ. ಭಯದಿಂದ ಇನ್ನಷ್ಟು ಎಣ್ಣೆ ಸುರಿಯುವವರೂ ಇದ್ದಾರೆ. ಎಣ್ಣೆ ಹೆಚ್ಚಾದಷ್ಟು ಅದೇ ಜೆಟ್ಟಿನಲ್ಲಿ ಪೆಟ್ರೋಲು ಕಡಿಮೆಯಾಗಿ ಮಿಶ್ರಣ ತೆಳುವಾಗುವದೆಂಬುದನ್ನು ಅವರು 'ಇದೇನು ವಿಚಿತ್ರ' ಎಂದಾರು, ಆದರೆ ನಿಜ.

ಅಂದಕ್ಕೆಂದು ಮೂಲದ ಏರ್ ಫಿಲ್ಟರಿನ ಪೆಟ್ಟಿಗೆ ತೆಗೆದು, ತೆರೆದ ಬುಟ್ಟಿಯಂಥ ಫಿಲ್ಟರು ಸಿಕ್ಕಿಸುವದು ಈಗಿನ ಗೀಳು. ಅದರಿಂದ ಹವೆ ಹೆಚ್ಚು ನುಗ್ಗಿ ಮಿಶ್ರಣ ತೆಳುವಾಗುವದು ಒಂದು. ನಮ್ಮ ಎರೆಮಣ್ಣಿನ ಧೂಳು ನುಗ್ಗುವದು ಇನ್ನೊಂದು. ಜೋಳದ ರಾಶಿಯ ಕಾಲದಲ್ಲಿ ಹೊಲದ ದಾರಿಯಲ್ಲಿ ಒಮ್ಮೆ ಹೋಗಿಬಂದು ಹಣೆ ಒರೆಸಿಕೊಂಡವರಿಗೆ ಎಂಜಿನ್ನಿನ ಒಳಗೆ ಏನು ಹೋದೀತೆಂದು ಬೇರೆ ಹೇಳಬೇಕಾಗಿಲ್ಲ. ಪೆಟ್ಟಿಗೆಯನ್ನು ಉಳಿಸಿಕೊಳ್ಳುವದೇ ಜಾಣತನ.

ಬುಲೆಟ್ ಗಾಡಿಯವರೂ ನಮ್ಮ ಓದುಗರಲ್ಲಿ ಹಲವರಿದ್ದಾರೆ. ಅದು ಫೋರ್-ಸ್ಟ್ರೋಕು, ಎಣ್ಣೆ ಬೇರೆಯೇ ಹರಿಯುತ್ತದೆ, ಆದುದರಿಂದ ತಪ್ಪನ್ನು ಸ್ವಲ್ಪ ಹೆಚ್ಚು ತಾಳಿಕೊಳ್ಳುತ್ತದೆ. ಹಳೆಯ ಬೀಡಿನ ಎಂಜಿನ್ನಿನ ೩೫೦ ಬುಲೆಟ್ಟಿಗೆ ೨೪ರ ಕಾರ್ಬೊರೇಟರೂ ೫೦೦ಕ್ಕೆ ೨೮ರದೂ ಕಂಪನಿಯಿಂದ ಬರುತ್ತಿದ್ದವು. ಸೈಲೆನ್ಸರು ಸಡಿಲಿಸಿದ ೩೫೦ಕ್ಕೆ ೨೮ ಹಾಕುವವರುಂಟು. ಹಾಕಲಿ, ಆದರೆ ಜೆಟ್ಟುಗಳನ್ನು ಹೊಸದಾಗಿ ಹೊಂದಿಸಲಿ. ಅಲ್ಲಿ ತೆಳು ಮಿಶ್ರಣವು ಎಗ್ಜಾಸ್ಟ್ ವಾಲ್ವನ್ನು ಸುಡುತ್ತದೆ. ಸೈಲೆನ್ಸರಿನ ಕೊಳವೆ ನೀಲಿಗಟ್ಟುವದು ಅದರ ಮುನ್ಸೂಚನೆ.

ಕಾಯದೆಯ ಮಾತನ್ನೂ ಗೃಹಸ್ಥರು ಮರೆಯಬಾರದು. ೧೯೮೮ರ ಮೋಟರು ವಾಹನ ಕಾಯದೆಯ ೫೨ನೆಯ ಕಲಮಿನ ಮೇರೆಗೆ ಗಾಡಿಯ ಮೂಲರೂಪವನ್ನು ಮನಬಂದಂತೆ ಬದಲಿಸುವದಕ್ಕೆ ಅವಕಾಶವಿಲ್ಲ. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಹೊಗೆ ತಪಾಸಣೆಯ ಚೀಟಿಯನ್ನಂತೂ ಪ್ರತಿಯೊಬ್ಬರೂ ಪಡೆಯಲೇಬೇಕು. ೨೦೦೦ದ ಮಾರ್ಚಿಗಿಂತ ಹಿಂದಿನ ದ್ವಿಚಕ್ರಗಳಿಗೆ ಕಾರ್ಬನ್ ಮಾನಾಕ್ಸೈಡಿನ ಮಿತಿ ನೂರಕ್ಕೆ ೪.೫. ಈ ಚೀಟಿಯನ್ನು ಮಡಚಿ ಕಿಸೆಗೆ ಹಾಕುವ ಮೊದಲು ಅಂಕಿಯನ್ನು ಓದಿರಿ. ಗಾಡಿ ನಿಂತು ಓಡುವಾಗಿನ ಮಿಶ್ರಣ ದಟ್ಟವೋ ಅಲ್ಲವೋ ಎಂಬುದನ್ನು ಅದು ತಿಳಿಸುತ್ತದೆ. ಅಂಕಿ ಮಿತಿಯ ಹತ್ತಿರವಿದ್ದರೆ ಪೈಲಟ್ ಜೆಟ್ಟಿನ ಕಡೆಗೆ ನೋಡಬೇಕು.

ಮಾಸ್ತರರ ಗಾಡಿಯ ಕಥೆ ಮುಗಿಸಿಬಿಡೋಣ. ಗೀರುಬಿದ್ದ ಪಿಸ್ಟನ್ನನ್ನು ತೆಗೆದು ಮತ್ತೊಮ್ಮೆ ಬೋರು ಮಾಡಿಸಬೇಕಾಯಿತು. ಆ ಖರ್ಚಿನಲ್ಲಿ ಜೆಟ್ಟುಗಳ ದೊಡ್ಡದೊಂದು ಡಬ್ಬಿಯೇ ಬರುತ್ತಿತ್ತು. ಬಿಚ್ಚಿದಾಗ ಡೈನಮೋ ಬದಿಯ ಸೀಲೂ ಒಣಗಿರುವದು ಕಂಡಿತು, ಅದನ್ನೂ ಬದಲಿಸಿದರು. ಮೂವತ್ತರ ಕಾರ್ಬೊರೇಟರು ಅಟ್ಟ ಸೇರಿತು, ೨೬ರದು ಬಂದಿತು. ಮೂರು ಭಾನುವಾರ ಮುಂಜಾನೆ ತಂದೆ ಮಗ ಇಬ್ಬರೂ ಕೂಡಿ, ಶಾಲೆಯ ಹಳೆಯ ಹಾಜರಿ ಪುಸ್ತಕದಲ್ಲಿ ಒಂದೊಂದು ಬದಲಾವಣೆಯನ್ನೂ ಬರೆಯುತ್ತ, ಮೇಲಿನಿಂದ ಕೆಳಗಿಳಿದು ಅದನ್ನು ಹೊಂದಿಸಿದರು. ಗಾಡಿ ಈಗ ಹಿಂದಿನ ಹತ್ತು ದಿನಗಳಂತೆ ಹಕ್ಕಿಯಾಗಿ ಹಾರುವದಿಲ್ಲ. ಎತ್ತಿನಂತೆ ನೆಚ್ಚಿಗೆಯಿಂದ ಎಳೆಯುತ್ತದೆ.

ಹಳೆಯ ಗಾಡಿಗೆ ಏನು ಹಾಕಿದರೆ ನಾಲ್ಕು ಜನ ತಿರುಗಿ ನೋಡಿಯಾರು ಎಂದು ಕೇಳಬೇಡಿರಿ. ಅದಕ್ಕೆ ಎಷ್ಟು ಹಸಿವಿದೆ ಎಂದು ಕೇಳಿರಿ. ಅಷ್ಟನ್ನೇ ಉಣಿಸಿರಿ, ಸಂಶಯ ಬಂದಲ್ಲಿ ಒಂದು ತುತ್ತು ಹೆಚ್ಚೇ ಇರಲಿ. ಮಕ್ಕಳಿಗೆ ಗಾಡಿ ಕೊಡುವ ಮೊದಲು ದನಿ ಕೇಳುವದನ್ನೂ ಕ್ಲಚ್ ಹಿಡಿಯುವದನ್ನೂ ಕಲಿಸಿರಿ. ಕಳೆದ ಯುಗಾದಿಗೆ ನಾವು ಸಿಂದಗಿಗೆ ಹೋದಾಗ ತಾಯಿ ಮಗ ಮತ್ತೆ ಬಾಗೇವಾಡಿಗೆ ಹೊರಟಿದ್ದರು. ಹಿಂದಿನ ಆಸನದ ಮೇಲೆ ಸೆರಗು ಸರಿಪಡಿಸಿಕೊಂಡು ಕುಳಿತ ಆ ತಾಯಿ ಮಗನನ್ನು ಕೇಳಿದರು: "ಪೆಟ್ರೋಲ್ ತುಂಬಿಸೀಯಿಲ್ಲೋ?" ಮಗನು ನಮ್ಮತ್ತ ನೋಡಿದನು. ನಾವು ಬೇರೆ ಕಡೆಗೆ ನೋಡಿದೆವು.